ಉಚ್ಚಾರ ಹೋದ ಮೇಲೂ ಉಳಿದ ಅಕ್ಷರ

ಇಂಗ್ಲಿಷನ್ನು ಬರೆಯಲು ಬಳಸುವ ರೋಮನ್ ಲಿಪಿಯಲ್ಲಿ ಇರುವುದು 26 ಅಕ್ಷರಗಳು. ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರವನ್ನು ಆಧಾರವಾಗಿಟ್ಟುಕೊಂಡು ಎಣಿಸಿದರೆ ಆ ಭಾಷೆಯ ಧ್ವನಿಮಾಗಳು, ಎಂದರೆ ಒಂದರ ಬದಲು ಇನ್ನೊಂದನ್ನು ನುಡಿದರೆ ಪದದ ಅರ್ಥವೇ ಬೇರೆಯಾಗುವಂಥ ಧ್ವನಿಗಳು, ಸುಮಾರು 44. ಇಂಗ್ಲಿಷ್ ಸ್ಪೆಲಿಂಗಿನ ಗೊಂದಲಕ್ಕೆಲ್ಲ ಅಕ್ಷರಗಳ ಈ ಕೊರತೆಯೇ ಕಾರಣವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಎರಡು ಅಕ್ಷರಗಳನ್ನು ಜೋಡಿಸಿ ಮೂರನೆಯ ಧ್ವನಿಗೆ ಗುರುತು ಮಾಡಿಕೊಳ್ಳುವ ಉಪಾಯ ರೋಮನ್ ಲಿಪಿಯ ಅನೇಕ ಭಾಷೆಗಳಿಗೆ ಗೊತ್ತು, ಎಸ್ ಮತ್ತು ಎಚ್ ಸೇರಿಸಿ ಶಕಾರ ಬರೆಯುವ ಇಂಗ್ಲಿಷಿಗೂ ಗೊತ್ತು. ಕೊರತೆಯ ಮಾತಿನಿಂದ ವಿವರಿಸಲಾಗದ್ದು ಇನ್ನೊಂದಿದೆ: ಇಷ್ಟು ಬಡತನದ ಲಿಪಿಯನ್ನು ಇಂಗ್ಲಿಷ್ ಖರ್ಚು ಮಾಡುವುದು ಮಾತ್ರ ದುಂದುಗಾರನ ರೀತಿಯಲ್ಲಿ. ವೀರಯೋಧ ಎಂಬರ್ಥದ 'ನೈಟ್' ಪದವನ್ನು ಕೆ, ಎನ್, ಐ, ಜಿ, ಎಚ್, ಟಿ ಎಂದು ಆರು ಅಕ್ಷರಗಳಲ್ಲಿ ಬರೆಯುತ್ತಾರೆ. ಕಿವಿಗೆ ಬೀಳುವ ಧ್ವನಿಮಾಗಳು ಮೂರೇ. ಉಳಿದ ಮೂರನ್ನು ಶಾಲೆಯ ಮೇಷ್ಟ್ರು 'ಸೈಲೆಂಟ್' ಎಂದು ಹೇಳಿ ಮುಂದಿನ ಪದಕ್ಕೆ ಹೋಗುತ್ತಾರೆ.

ಆ ಅಕ್ಷರಗಳು ಹುಟ್ಟುಮೂಕವಲ್ಲ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದವನ್ನು ಸಿ, ಎನ್, ಐ, ಎಚ್, ಟಿ ಎಂಬ ಐದು ಅಕ್ಷರಗಳಲ್ಲಿ ಬರೆದು ಐದನ್ನೂ ಉಚ್ಚರಿಸುತ್ತಿದ್ದರು. ಕನ್ನಡ ಲಿಪಿಯಲ್ಲಿ ತೋರಿಸುವುದಾದರೆ ಅದು ಹೆಚ್ಚುಕಡಿಮೆ 'ಕ್ನಿಹ್ಟ್' ಆಗುತ್ತದೆ, ಮತ್ತು ಅದಕ್ಕೆ ಆಗ ಇದ್ದ ಅರ್ಥ ಹುಡುಗ ಅಥವಾ ಆಳು. ನಡುವಿನ ಹಕಾರ ಕನ್ನಡದ ಹಕಾರದಂಥದ್ದಲ್ಲ. ನಾಲಿಗೆಯ ಬೆನ್ನು ಬಾಯಿಯ ಅಂಗಳದ ಹತ್ತಿರಕ್ಕೆ ಏರಿ, ಉಳಿದ ಕಿರಿದಾದ ಸಂದಿನಲ್ಲಿ ಉಸಿರು ಉಜ್ಜಿಕೊಂಡು ಹೊರಬೀಳುವಾಗ ಆಗುವ ಘರ್ಷಧ್ವನಿ ಅದು. ಜರ್ಮನ್ ಭಾಷೆಯಲ್ಲಿರುವ ಇದೇ ಪದದ ಸೋದರ 'ಕ್ನೆಖ್ಟ್' ಮೊದಲ ಕಕಾರವನ್ನೂ ನಡುವಿನ ಘರ್ಷಧ್ವನಿಯನ್ನೂ ಇಂದಿಗೂ ಉಳಿಸಿಕೊಂಡಿದೆ. ಇಂಗ್ಲಿಷಿನ ಬಾಯಿಯಿಂದ ಎರಡೂ ಉದುರಿಹೋದವು, ಕಾಗದದಿಂದ ಮಾತ್ರ ಉದುರಲಿಲ್ಲ.

ಇದು ಎಷ್ಟು ವಿಲಕ್ಷಣವಾದ ನಡವಳಿಕೆ ಎಂಬುದು ಕನ್ನಡದ ಪಕ್ಕದಲ್ಲಿಟ್ಟು ನೋಡಿದಾಗ ಚೆನ್ನಾಗಿ ಕಾಣುತ್ತದೆ. ಹಳಗನ್ನಡದ ಪಾಲ್, ಪೂ, ಪುಲಿ ಮುಂದೆ ಹಾಲು, ಹೂ, ಹುಲಿ ಆದಾಗ ಲಿಪಿಕಾರರು ಬಾಯನ್ನು ಹಿಂಬಾಲಿಸಿ ಪಕಾರವನ್ನು ಬಿಟ್ಟು ಹಕಾರವನ್ನು ಬರೆದರು. 'ಆಱು' ಎಂಬ ಸಂಖ್ಯೆಯ ಱಕಾರ ರಕಾರದಲ್ಲಿಯೂ 'ಏೞು' ಎಂಬುದರ ೞಕಾರ ಳಕಾರದಲ್ಲಿಯೂ ಬೆರೆತುಹೋದ ಮೇಲೆ ಆ ಅಕ್ಷರಗಳನ್ನೇ ವರ್ಣಮಾಲೆಯಿಂದ ಕಳಚಿ ಇಡಲಾಯಿತು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಈ ಅಕ್ಷರಗಳ ವಿಚಾರವನ್ನು ಅಷ್ಟು ಕಾಳಜಿಯಿಂದ ಎತ್ತಿಕೊಂಡದ್ದು ಅವು ಆಗಲೇ ಜಾರುತ್ತಿದ್ದುದರ ಸೂಚನೆ. ಕನ್ನಡ ಇಂಗ್ಲಿಷಿನ ದಾರಿ ಹಿಡಿದಿದ್ದರೆ ಇಂದು ಡೇರಿಯ ಬೋರ್ಡಿನ ಮೇಲೆ 'ಪಾಲು' ಎಂದು ಬರೆದು 'ಹಾಲು' ಎಂದು ಓದಬೇಕಾಗುತ್ತಿತ್ತು, ಆಸ್ತಿಯ ವಿಷಯ ಬಂದಾಗ ಮಾತ್ರ ಅದೇ ಬರಹವನ್ನು 'ಪಾಲು' ಎಂದೇ ಓದಬೇಕೆಂಬುದನ್ನು ಮಕ್ಕಳು ಬಾಯಿಪಾಠ ಮಾಡಬೇಕಾಗುತ್ತಿತ್ತು. ಹಾಗೆಂದು ಕನ್ನಡ ಬರೆದಂತೆಯೇ ನುಡಿಯುವ ಭಾಷೆಯೆಂಬ ಹೆಮ್ಮೆಯ ಮಾತು ಪೂರ್ತಿ ನಿಜವೂ ಅಲ್ಲ. 'ಋಷಿ' ಎಂದು ಬರೆದದ್ದನ್ನು ಬಹುಪಾಲು ಜನ 'ರುಶಿ' ಎಂದೇ ಓದುತ್ತಾರೆ, 'ಜ್ಞಾನ' ಬಾಯಲ್ಲಿ 'ಗ್ನಾನ' ಆಗುತ್ತದೆ, ಮಹಾಪ್ರಾಣಗಳು ಆಡುಮಾತಿನಲ್ಲಿ ಸಲೀಸಾಗಿ ಅಲ್ಪಪ್ರಾಣಗಳಾಗುತ್ತವೆ. ಗಮನಿಸಬೇಕಾದ್ದೆಂದರೆ ಈ ಅಪವಾದಗಳು ಹೆಚ್ಚಾಗಿ ಸಂಸ್ಕೃತದಿಂದ ಬಂದ ಪದಗಳಲ್ಲಿವೆ. ಮೂಲಭಾಷೆಯ ಮರ್ಯಾದೆಗಾಗಿ ಬರಹವನ್ನು ಮುಟ್ಟದೆ ಬಿಟ್ಟದ್ದರ ಫಲ ಅವು. ಇಂಗ್ಲಿಷ್ ತನ್ನ ಮನೆಯ ಪದಗಳಿಗೂ ಅದೇ ಉಪಚಾರ ಮಾಡಿತು.

ಬರಹ ಹೀಗೆ ಹೆಪ್ಪುಗಟ್ಟುವ ಮೊದಲು ಅದರ ಮೇಲೆ ಹಲವರ ಕೈ ಆಡಿದೆ. ಸಂತ ಆಗಸ್ಟಿನ್ ಮತ್ತು ಅವನ ಸಂಗಡಿಗರು 597ರಲ್ಲಿ ಕೆಂಟ್ ಪ್ರಾಂತಕ್ಕೆ ಕ್ರೈಸ್ತ ಧರ್ಮವನ್ನು ತಂದಾಗ ಜೊತೆಯಲ್ಲಿ ಬಂದ ರೋಮನ್ ಲಿಪಿಯನ್ನು ಇಂಗ್ಲಿಷಿಗೆ ಹೊಂದಿಸಿದವರು ವಿವೇಕಿಗಳೇ ಆಗಿದ್ದರು. ಲ್ಯಾಟಿನ್ನಿನಲ್ಲಿ ಇಲ್ಲದ ಧ್ವನಿಗಳು ಎದುರಾದಾಗ ಸ್ಥಳೀಯ ರೂನ್ ಲಿಪಿಯಿಂದ 'ಥಾರ್ನ್', 'ವಿನ್' ಎಂಬ ಅಕ್ಷರಗಳನ್ನು ಎರವಲು ಪಡೆದು ಲೆಕ್ಕ ಸರಿಮಾಡಿಕೊಂಡರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಬರವಣಿಗೆಯಲ್ಲಿ ಪಳಗಿದ ಲಿಪಿಕಾರರು ತಮ್ಮ ಕೈಗೆ ಒಗ್ಗಿದ ರೀತಿಯಲ್ಲಿ ಇಂಗ್ಲಿಷನ್ನು ಬರೆಯತೊಡಗಿದರು. ಸಿ ಮತ್ತು ವಿನ್ ಅಕ್ಷರಗಳಿಂದ ಆರಂಭವಾಗುತ್ತಿದ್ದ 'ಕ್ವೇನ್', ಎಂದರೆ ರಾಣಿ, ಕ್ಯು ಮತ್ತು ಯು ತೊಟ್ಟುಕೊಂಡಿತು. ಇಲಿ ಎಂಬರ್ಥದ 'ಮೂಸ್' ಪದದ ಊಕಾರವನ್ನು ಫ್ರೆಂಚಿನಲ್ಲಿ ಬರೆಯುವಂತೆ ಓ ಮತ್ತು ಯು ಜೋಡಿಸಿ ಬರೆಯಲಾಯಿತು.

ಇದೇ ಕಾಲದ ಒಂದು ಪರಿಪಾಠವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಅದಕ್ಕೂ ಧ್ವನಿಗೂ ಸಂಬಂಧವೇ ಇಲ್ಲ. ಆಗಿನ ಒತ್ತು ಬರವಣಿಗೆಯಲ್ಲಿ ಐ ಅಕ್ಷರವೆಂದರೆ ಒಂದು ಗಿಡ್ಡ ನೆಟ್ಟನೆಯ ಗೀಟು, ಎನ್ ಮತ್ತು ಯು ಎಂದರೆ ಎರಡೆರಡು ಗೀಟುಗಳು, ಎಂ ಎಂದರೆ ಮೂರು. ವಿ ಇನ್ನೂ ಸ್ವತಂತ್ರ ಅಕ್ಷರವಾಗಿರದೆ ಯು ಅಕ್ಷರವೇ ಆ ಕೆಲಸವನ್ನೂ ಮಾಡುತ್ತಿತ್ತು. ಈ ಗೀಟಿಗೆ ಲಿಪಿಶಾಸ್ತ್ರದಲ್ಲಿ 'ಮಿನಿಮ್' ಎಂದು ಹೆಸರು, ಮತ್ತು ಆ ಹೆಸರನ್ನು ಆ ಕೈಬರಹದಲ್ಲಿ ಬರೆದರೆ ಸಾಲಾಗಿ ನಿಂತ ಹತ್ತು ಗೀಟುಗಳ ಬೇಲಿಯಷ್ಟೇ ಕಣ್ಣಿಗೆ ಬೀಳುತ್ತದೆ. ಸನ್ಯಾಸಿ ಎಂಬರ್ಥದ 'ಮುನುಕ್' ಪದದ ಮೊದಲ ಮೂರು ಅಕ್ಷರಗಳು ಏಳು ಗೀಟುಗಳು. ಎಲ್ಲಿ ಎಂ ಮುಗಿಯಿತು, ಎಲ್ಲಿ ಯು ತೊಡಗಿತು ಎಂದು ಓದುಗ ಬೆರಳಿಟ್ಟು ಎಣಿಸಬೇಕು. ಈ ತೊಡಕನ್ನು ಬಿಡಿಸಲು ಲಿಪಿಕಾರರು ಎಂ, ಎನ್, ವಿ, ಡಬ್ಲ್ಯುಗಳ ನೆರೆಯಲ್ಲಿ ಬರುವ ಯು ಅಕ್ಷರದ ಬದಲು ದುಂಡಗಿನ ಓ ಬರೆಯತೊಡಗಿದರೆಂಬುದು ಬಹುಪಾಲು ವಿದ್ವಾಂಸರು ಕೊಡುವ ವಿವರಣೆ. ಮಂಕ್, ಕಮ್, ಲವ್, ವಂಡರ್, ಮಗ ಎಂಬರ್ಥದ ಸನ್, ಇವುಗಳಲ್ಲೆಲ್ಲ ಇಂದು ಓ ಅಕ್ಷರವನ್ನು ಕಂಡು 'ಅ' ಎಂದು ಓದಬೇಕಾಗಿರುವುದು ಯಾರದೋ ನಾಲಿಗೆಯ ದೋಷದಿಂದಲ್ಲ, ಎಂಟುನೂರು ವರ್ಷಗಳ ಹಿಂದೆ ಯಾರದೋ ಕಣ್ಣಿಗೆ ಆದ ಆಯಾಸದಿಂದ. ಸೂರ್ಯ ಎಂಬರ್ಥದ ಸನ್ ಮಾತ್ರ ಅದೇ ಗೀಟುಗಳ ಸಾಲನ್ನು ಹೊತ್ತೂ ಯು ಅಕ್ಷರವನ್ನು ಉಳಿಸಿಕೊಂಡಿದೆ. ಲಿಪಿಕಾರರಿಗೆ ನಿಯಮಪುಸ್ತಕವೇನೂ ಇರಲಿಲ್ಲ.

ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಹೂಡಿದಾಗ ಅವನೆದುರಿಗೆ ಇದ್ದದ್ದು ಊರಿಗೊಂದು ಉಚ್ಚಾರ, ಕೈಗೊಂದು ಸ್ಪೆಲಿಂಗ್ ಇದ್ದ ಭಾಷೆ. 1490ರಲ್ಲಿ ತಾನು ಅಚ್ಚುಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಅವನು ಮೊಟ್ಟೆ ಕೇಳಿದ ವ್ಯಾಪಾರಿಯೊಬ್ಬನ ಪ್ರಸಂಗವನ್ನು ಹೇಳುತ್ತಾನೆ: ವ್ಯಾಪಾರಿ 'ಎಗ್ಸ್' ಎಂದು ಕೇಳಿದರೆ ಕೆಂಟ್ ಪ್ರಾಂತದ ಹೆಂಗಸು ತನಗೆ ಫ್ರೆಂಚ್ ಬರುವುದಿಲ್ಲವೆಂದಳು, 'ಐರೆನ್' ಎಂದು ಇನ್ನೊಬ್ಬ ಹೇಳಿದ ಮೇಲೆಯೇ ಅವಳಿಗೆ ಅರ್ಥವಾದದ್ದು. ಇಂಥಲ್ಲಿ ಯಾವುದನ್ನು ಅಚ್ಚಿಗೆ ಹಾಕಬೇಕೆಂಬ ಅವನ ಚಿಂತೆ ಸಹಜವೇ. ಆದರೆ ಕ್ಯಾಕ್ಸ್ಟನ್ ಸ್ವತಃ ಸುಮಾರು ಮೂವತ್ತು ವರ್ಷ ಫ್ಲಾಂಡರ್ಸ್ ಮತ್ತದರ ಸುತ್ತಲಿನ ನಾಡಿನಲ್ಲಿ ಕಳೆದವನಾಗಿದ್ದು, ಆ ನಾಡಿನ ಭಾಷೆಯ ಛಾಯೆ ಅವನ ಮುದ್ರಣಾಲಯದ ಮೇಲೂ ಬಿದ್ದಿತು. ದೆವ್ವ ಎಂಬರ್ಥದ ಇಂಗ್ಲಿಷ್ ಪದಕ್ಕೆ ಆವರೆಗೆ ಬರಿಯ ಜಿ ಸಾಕಾಗಿತ್ತು; ಫ್ಲೆಮಿಶ್ ಭಾಷೆಯಲ್ಲಿ ಅದರ ಸೋದರ ಪದಕ್ಕೆ ಜಿ ಮತ್ತು ಎಚ್ ಎರಡೂ ಇದ್ದುದನ್ನು ಕಂಡ ಕೈಗಳು ಇಂಗ್ಲಿಷ್ ಪದಕ್ಕೂ ಒಂದು ಎಚ್ ಸೇರಿಸಿದವು. ಇಂಗ್ಲಿಷರು ಆ ಎಚ್ ಅಕ್ಷರವನ್ನು ಎಂದೂ ಉಚ್ಚರಿಸಿದವರಲ್ಲ. ಆದರೆ ಜಿ ಮತ್ತು ಎಚ್ ಕೂಡಿದರೆ ಘಕಾರವೆಂಬ ಲೆಕ್ಕಕ್ಕೆ ಒಗ್ಗಿಹೋದ ಕನ್ನಡಿಗರು ಅದನ್ನು ಮಹಾಪ್ರಾಣ ಕೊಟ್ಟು 'ಘೋಸ್ಟ್' ಎಂದೇ ಬರೆಯುತ್ತಾರೆ, ಸಿನಿಮಾ ಪೋಸ್ಟರಿನ ಮೇಲೂ ಅದು ಹಾಗೆಯೇ ಇರುತ್ತದೆ. ಐದು ಶತಮಾನಗಳ ಹಿಂದೆ ಅಚ್ಚಿನ ಮೊಳೆ ಜೋಡಿಸುವವರು ಸುಮ್ಮನೆ ಸೇರಿಸಿದ ಅಕ್ಷರಕ್ಕೆ ಕೊನೆಗೂ ಬಾಯಿ ಬಂದದ್ದು ಕನ್ನಡ ನಾಡಿನಂಥ ದೂರದ ನೆಲದಲ್ಲಿ.

ಅಚ್ಚಿನ ಪುಸ್ತಕಗಳು ಹರಡಿದಂತೆಲ್ಲ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತ ಬಂದಿತು. ದುರದೃಷ್ಟವೆಂದರೆ ಸರಿಯಾಗಿ ಅದೇ ಕಾಲದಲ್ಲಿ, ಸುಮಾರು 1400ರಿಂದ 1700ರ ನಡುವೆ, ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ತಮ್ಮ ತಮ್ಮ ಸ್ಥಾನ ಬಿಟ್ಟು ಮೇಲಕ್ಕೆ ಸರಿದವು. ಡೆನ್ಮಾರ್ಕಿನ ಭಾಷಾವಿಜ್ಞಾನಿ ಓಟೋ ಯೆಸ್ಪರ್ಸನ್ 1909ರಲ್ಲಿ ಇದನ್ನು ಮಹಾ ಸ್ವರಪಲ್ಲಟವೆಂಬ ಅರ್ಥ ಬರುವ ಹೆಸರಿನಿಂದ ಕರೆದ. ಸ್ವರಗಳ 'ಮೇಲೆ', 'ಕೆಳಗೆ' ಎಂದರೆ ಬಾಯಿಯೊಳಗೆ ನಾಲಿಗೆ ಇರುವ ಎತ್ತರ: ಆಕಾರವನ್ನು ಹೇಳುವಾಗ ದವಡೆ ತೆರೆದು ನಾಲಿಗೆ ತಳದಲ್ಲಿರುತ್ತದೆ, ಏಕಾರಕ್ಕೆ ನಡುವಿನವರೆಗೆ ಏರುತ್ತದೆ, ಈಕಾರಕ್ಕೆ ಅಂಗಳದ ಸಮೀಪಕ್ಕೆ ಬರುತ್ತದೆ. ಈ ಪಲ್ಲಟವನ್ನು ರೋಮನ್ ಲಿಪಿಯಲ್ಲಿ ತೋರಿಸಲು ವಿಶೇಷ ಚಿಹ್ನೆಗಳು ಬೇಕು. ಕನ್ನಡ ಲಿಪಿಯಲ್ಲಿ ಹಾಗೇ ಬರೆದು ತೋರಿಸಬಹುದು. ಹೆಸರು ಎಂಬರ್ಥದ 'ನಾಮ' ಏರುತ್ತ ಏರುತ್ತ 'ನೇಮ್' ಆಯಿತು. ಭೇಟಿಯಾಗು ಎಂಬರ್ಥದ 'ಮೇಟ' ಏರಿ 'ಮೀಟ್' ಆಯಿತು. ಚಂದ್ರನ ಹೆಸರಾದ 'ಮೋನ' ಏರಿ 'ಮೂನ್' ಆಯಿತು. ಅದಾಗಲೇ ತುದಿಯಲ್ಲಿದ್ದ ಈಕಾರ, ಊಕಾರಗಳಿಗೆ ಇನ್ನೂ ಏರಲು ಜಾಗವಿಲ್ಲದೆ ಅವು ಒಡೆದು ಸಂಧ್ಯಕ್ಷರಗಳಾದವು, ಎಂದರೆ ಒಂದು ಸ್ವರದಲ್ಲಿ ತೊಡಗಿ ಇನ್ನೊಂದರಲ್ಲಿ ಮುಗಿಯುವ ಜೋಡಿಸ್ವರಗಳಾದವು: ಕಚ್ಚು ಎಂಬರ್ಥದ 'ಬೀಟ' ಎಂಬುದು 'ಬೈಟ್' ಆಯಿತು, 'ಮೂಸ್' ಎಂಬ ಇಲಿ ಇಂದಿನ 'ಮೌಸ್' ಆಯಿತು.

ಇದರ ಫಲ ಪ್ರತಿಯೊಂದು ಕನ್ನಡ ಶಾಲೆಯಲ್ಲೂ ದಿನವೂ ಕೇಳಿಬರುತ್ತದೆ, ಆದರೆ ಯಾರೂ ಅದನ್ನು ಹಾಗೆಂದು ಗುರುತಿಸುವುದಿಲ್ಲ. ರೋಮನ್ ವರ್ಣಮಾಲೆಯ ಮೊದಲ ಸ್ವರದ ಹೆಸರು ಲ್ಯಾಟಿನ್ನಿನಲ್ಲಿ 'ಆ', ಎರಡನೆಯದು 'ಏ', ಮೂರನೆಯದು 'ಈ'. ಇಟಲಿ, ಸ್ಪೇನ್, ಜರ್ಮನಿಯ ಮಕ್ಕಳು ಈಗಲೂ ಹಾಗೆಯೇ ಹೇಳುತ್ತಾರೆ. ಅಕ್ಷರಗಳ ಹೆಸರುಗಳೂ ದೀರ್ಘಸ್ವರಗಳೇ ಆದ್ದರಿಂದ ಇಂಗ್ಲೆಂಡಿನಲ್ಲಿ ಅವೂ ಪಲ್ಲಟಕ್ಕೆ ಸಿಕ್ಕಿ 'ಎ', 'ಇ', 'ಐ' ಎಂದಾದವು. ಯುರೋಪು ಖಂಡದವರು 'ಇ' ಎನ್ನುವ ಅಕ್ಷರಕ್ಕೆ ಇಂಗ್ಲಿಷ್ ಕಲಿತ ಕನ್ನಡದ ಮಗು 'ಐ' ಎನ್ನುವುದರ ಹಿಂದೆ ಮುನ್ನೂರು ವರ್ಷಗಳ ಈ ನಡಿಗೆಯಿದೆ.

ಹ್ರಸ್ವಸ್ವರಗಳು ಈ ಮೆರವಣಿಗೆಯಲ್ಲಿ ಸೇರಲಿಲ್ಲ. ಹೀಗಾಗಿ ಒಂದೇ ಮೂಲದ ಪದಗಳಲ್ಲಿ ಒಂದೇ ಅಕ್ಷರ ದೀರ್ಘವಾಗಿದ್ದಲ್ಲಿ ಒಂದು ಬಗೆ, ಹ್ರಸ್ವವಾಗಿದ್ದಲ್ಲಿ ಇನ್ನೊಂದು ಬಗೆ ಆಯಿತು. ಡಿವೈನ್ ಮತ್ತು ಡಿವಿನಿಟಿ, ಸೆರೀನ್ ಮತ್ತು ಸೆರೆನಿಟಿ, ಸೇನ್ ಮತ್ತು ಸ್ಯಾನಿಟಿ, ಈ ಜೋಡಿಗಳ ಬರಹದಲ್ಲಿ ನಡುವಿನ ಸ್ವರಾಕ್ಷರ ಒಂದೇ. ಪದದ ಕೊನೆಯಲ್ಲಿ ಒಮ್ಮೆ ನಿಜವಾಗಿ ಕೇಳುತ್ತಿದ್ದ ಇ ಅಕ್ಷರದ ಧ್ವನಿ ಅಳಿದುಹೋದ ಮೇಲೂ ಅಕ್ಷರ ಉಳಿದು, ಅದಕ್ಕೊಂದು ಹೊಸ ಉದ್ಯೋಗ ಸಿಕ್ಕಿತು: ಬಿಟ್ ಮತ್ತು ಬೈಟ್, ಮ್ಯಾಟ್ ಮತ್ತು ಮೇಟ್ ಎಂಬ ಜೋಡಿಗಳಲ್ಲಿ ಅದು ಹಿಂದಿನ ಸ್ವರವನ್ನು ಎಳೆದು ಓದಬೇಕೆಂದು ಹೇಳುವ ಗುರುತು. ಕನ್ನಡದಲ್ಲಿ 'ಕಿ' ಅಕ್ಷರದ ಬಲಕ್ಕೆ ದೀರ್ಘದ ಚಿಹ್ನೆ ಬಂದು 'ಕೀ' ಆಗುವಂತೆಯೇ ಇದು. ವ್ಯಂಜನವೊಂದನ್ನು ದಾಟಿ ಆಚೆ ನಿಂತಿದೆ ಎಂಬುದಷ್ಟೇ ವ್ಯತ್ಯಾಸ. ಇಂಥ ಅಕ್ಷರವನ್ನು 'ಸೈಲೆಂಟ್' ಎಂದು ಕರೆಯುವುದು ಅದಕ್ಕೆ ಮಾಡುವ ಅನ್ಯಾಯ.

ಜಿ ಮತ್ತು ಎಚ್ ಜೋಡಿಯ ಕಥೆ ಹೆಚ್ಚು ಅಂಕುಡೊಂಕಿನದು. ನೈಟ್ ಪದದಲ್ಲಿದ್ದ ಘರ್ಷಧ್ವನಿಗೆ ಗುರುತಾಗಿ ಬಂದ ಈ ಜೋಡಿ, ಆ ಧ್ವನಿ ಅಳಿದಾಗ ಹಲವು ಪದಗಳಲ್ಲಿ ಸದ್ದಿಲ್ಲದೆ ಉಳಿಯಿತು. ನಗು, ಕೆಮ್ಮು, ಸಾಕು ಎಂಬರ್ಥದ ಲಾಫ್, ಕಾಫ್, ಇನಫ್ ಮುಂತಾದ ಪದಗಳಲ್ಲಿ ಮಾತ್ರ ಗಂಟಲಿನ ಉಜ್ಜು ತುಟಿಗೆ ಸರಿದು ಫಕಾರವಾಯಿತು. ಇದನ್ನೇ ಹಿಡಿದುಕೊಂಡು ಒಂದು ಪ್ರಸಿದ್ಧ ಚೇಷ್ಟೆ ಹುಟ್ಟಿದೆ. ಇನಫ್ ಪದದಿಂದ ಜಿ ಮತ್ತು ಎಚ್, ವಿಮೆನ್ ಪದದಿಂದ ಇಕಾರ ಸೂಚಿಸುವ ಓ, ನೇಷನ್ ಪದದಿಂದ ಶಕಾರ ಸೂಚಿಸುವ ಟಿ ಮತ್ತು ಐ ತೆಗೆದುಕೊಂಡು ಒಟ್ಟಿಗೆ ಬರೆದರೆ ಅದನ್ನು 'ಫಿಶ್' ಎಂದು ಓದಬಹುದಂತೆ. ಬರ್ನಾರ್ಡ್ ಷಾ ಹೆಸರಿಗೆ ಅಂಟಿಕೊಂಡಿರುವ ಈ ಮಾತು ಅವನದಲ್ಲ. ಅವನು ಹುಟ್ಟಿದ್ದು 1856ರಲ್ಲಿ, ಈ ಚೇಷ್ಟೆ 1855ರ ಪತ್ರವೊಂದರಲ್ಲೇ ಇದೆ. ಅದಕ್ಕಿಂತ ಮುಖ್ಯವಾಗಿ, ಚೇಷ್ಟೆ ತಾನು ಸಾಧಿಸಹೊರಟದ್ದರ ವಿರುದ್ಧವನ್ನೇ ಸಾಧಿಸುತ್ತದೆ. ಆ ಬರಹವನ್ನು ಇಂಗ್ಲಿಷ್ ಬಲ್ಲ ಯಾರಿಗೆ ಕೊಟ್ಟರೂ 'ಗೋಟಿ' ಎಂದು ಓದುತ್ತಾರೆಯೇ ಹೊರತು 'ಫಿಶ್' ಎಂದು ಓದುವವರು ಒಬ್ಬರೂ ಸಿಗುವುದಿಲ್ಲ, ಏಕೆಂದರೆ ಪದದ ಮೊದಲಲ್ಲಿ ಬಂದ ಜಿ ಮತ್ತು ಎಚ್ ಎಂದೂ ಫಕಾರವಾಗುವುದಿಲ್ಲ, ಮತ್ತು ಟಿ ಹಾಗೂ ಐ ಶಕಾರವಾಗಬೇಕಾದರೆ ಅವುಗಳ ಮುಂದೆ ಇನ್ನೊಂದು ಸ್ವರ ಇರಲೇಬೇಕು. ಅಕ್ಷರದ ಬೆಲೆ ಅದು ಕುಳಿತ ಜಾಗದ ಮೇಲೆ ನಿಂತಿದೆ ಎಂಬುದನ್ನು ಓದುಗರು ತಮಗೇ ತಿಳಿಯದಂತೆ ಕಲಿತಿರುತ್ತಾರೆ.

ಇಲ್ಲಿಯವರೆಗಿನದೆಲ್ಲ ಕಾಲದ ಕೆಲಸವಾದರೆ, ಕೆಲವು ಅಕ್ಷರಗಳನ್ನು ಬೇಕೆಂದೇ ತಂದು ಕೂರಿಸಲಾಗಿದೆ. 15, 16ನೇ ಶತಮಾನಗಳಲ್ಲಿ ಲ್ಯಾಟಿನ್ ವಿದ್ಯೆಯ ಗೌರವ ಏರಿದಾಗ, ಫ್ರೆಂಚಿನ ಮೂಲಕ ಬಂದು ಸವೆದಿದ್ದ ಪದಗಳಿಗೆ ಅವುಗಳ ಲ್ಯಾಟಿನ್ ಪೂರ್ವಜರ ಅಕ್ಷರಗಳನ್ನು ಮರಳಿ ತೊಡಿಸುವ ಹುಚ್ಚು ಪಂಡಿತರಿಗೆ ಹಿಡಿಯಿತು. ಸಾಲ ಎಂಬರ್ಥದ 'ಡೆಟ್', ಸಂದೇಹ ಎಂಬರ್ಥದ 'ಡೌಟ್', ಎರಡೂ ಬಿ ಇಲ್ಲದೆಯೇ ಇಂಗ್ಲಿಷಿಗೆ ಬಂದಿದ್ದ ಪದಗಳು. ಲ್ಯಾಟಿನ್ನಿನ 'ಡೆಬಿಟುಮ್', 'ಡುಬಿಟಾರೆ' ಎಂಬ ಮೂಲಗಳಲ್ಲಿ ಬಕಾರವಿದೆಯೆಂದು ಅವುಗಳಿಗೆ ಬಿ ಸೇರಿತು. 'ರಿಸೀಟ್' ಪದಕ್ಕೆ ಪಿ ಸೇರಿಸಿದವರು ಅದೇ ಕುಲದ 'ಡಿಸೀಟ್' ಪದಕ್ಕೆ ಸೇರಿಸಲು ಮರೆತರು. ದ್ವೀಪ ಎಂಬರ್ಥದ 'ಐಲ್ಯಾಂಡ್' ಪದದ ಎಸ್ ಇನ್ನೂ ತಮಾಷೆಯದು: ಆ ಪದ ಲ್ಯಾಟಿನ್ನಿನ 'ಇನ್ಸುಲ' ಎಂಬುದರ ವಂಶದ್ದೇ ಅಲ್ಲ, ಅಪ್ಪಟ ಇಂಗ್ಲಿಷ್ ಪದ, ಬೇರೆಯವರ ಗೋತ್ರವನ್ನು ತಪ್ಪಾಗಿ ಹಚ್ಚಿ ಅದಕ್ಕೆ ಎಸ್ ಅಂಟಿಸಲಾಯಿತು. ಷೇಕ್ಸ್‌ಪಿಯರ್ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದ ಹಾಲಫರ್ನೀಸ್ ಎಂಬ ಒಣಪಂಡಿತನ ಬಾಯಲ್ಲಿ, ಜನ ಡೌಟ್, ಡೆಟ್ ಪದಗಳ ಬಕಾರವನ್ನು ನುಂಗಿ ಮಾತಾಡುತ್ತಾರೆಂಬ ದೂರನ್ನು ಇಟ್ಟು ಈ ಹುಚ್ಚನ್ನು ಗೇಲಿ ಮಾಡಿದ್ದಾನೆ.

ಆದರೆ ಹೀಗೆ ತಂದು ಕೂರಿಸಿದ ಅಕ್ಷರಗಳೆಲ್ಲ ಬಾಯಿಯ ಮಟ್ಟಿಗೆ ಸತ್ತಿವೆ ಎನ್ನುವಂತಿಲ್ಲ. ತಪ್ಪು ಎಂಬರ್ಥದ 'ಫಾಲ್ಟ್' ಪದಕ್ಕೆ ಲಕಾರ ಮೊದಲು ಕಾಗದದ ಮೇಲಷ್ಟೇ ಬಂದದ್ದು, ಕ್ರಮೇಣ ಓದುವವರು ಅದನ್ನು ನುಡಿಯುತ್ತ ನುಡಿಯುತ್ತ ಬಾಯಿಗೂ ಇಳಿಯಿತು. ಬರಹವನ್ನು ನೋಡಿ ಉಚ್ಚಾರ ಬದಲಾಗುವ ಈ ಪ್ರಕ್ರಿಯೆ ಕಿವಿಗಿಂತ ಹೆಚ್ಚಾಗಿ ಪುಸ್ತಕದಿಂದ ಇಂಗ್ಲಿಷ್ ಕಲಿತ ನಾಡುಗಳಲ್ಲಿ ಬಲವಾಗಿ ನಡೆಯುತ್ತದೆ. ನಲ್ಲಿ ರಿಪೇರಿಯವನನ್ನು ಲಂಡನ್ನಿನಲ್ಲಿ ಕರೆಯುವಾಗ ಬಕಾರ ಕೇಳಿಸುವುದಿಲ್ಲ, 'ಪ್ಲಮರ್' ಎನ್ನುತ್ತಾರೆ. ಬೆಂಗಳೂರಿನಲ್ಲಿ ಅವನು 'ಪ್ಲಂಬರ್'. ಆ ಬಕಾರ ಸೀಸಕ್ಕೆ ಲ್ಯಾಟಿನ್ನಿನಲ್ಲಿರುವ 'ಪ್ಲುಂಬುಮ್' ಎಂಬ ಹೆಸರಿನದು, ಏಕೆಂದರೆ ಹಿಂದೆ ಕೊಳವೆಗಳನ್ನು ಸೀಸದಿಂದ ಮಾಡುತ್ತಿದ್ದರು. ಬೆಂಗಳೂರಿನ ಉಚ್ಚಾರ ತಪ್ಪೆಂದು ಇಂಗ್ಲಿಷ್ ಮೇಷ್ಟ್ರು ತಿದ್ದಬಹುದು, ಆದರೆ ರೋಮಿನವನಿಗೆ ಅರ್ಥವಾಗುತ್ತಿದ್ದುದು ಅದೇ.

ಇಷ್ಟನ್ನು ಕಂಡವರಿಗೆ ಈ ಸ್ಪೆಲಿಂಗ್ ಬರಿಯ ಅವಶೇಷಗಳ ರಾಶಿಯೆಂದು ತೋರುವುದು ಸಹಜವಾದರೂ ಅದರಲ್ಲಿ ಒಂದು ಆಳವಾದ ಕ್ರಮವೂ ಇದೆ. ಭಾಷಾವಿಜ್ಞಾನದಲ್ಲಿ ಅರ್ಥವುಳ್ಳ ಅತಿ ಚಿಕ್ಕ ಘಟಕವನ್ನು ಆಕೃತಿಮಾ ಎನ್ನುತ್ತಾರೆ; 'ಮರಗಳು' ಎಂಬಲ್ಲಿ 'ಮರ' ಒಂದು, 'ಗಳು' ಇನ್ನೊಂದು. ಇಂಗ್ಲಿಷ್ ಬರಹ ಧ್ವನಿಮಾವನ್ನು ಕೈಬಿಟ್ಟರೂ ಆಕೃತಿಮಾವನ್ನು ಕೈಬಿಡದಿರಲು ನೋಡುತ್ತದೆ. ಬಹುವಚನದ ಎಸ್ ಬೆಕ್ಕುಗಳೆಂಬಾಗ 'ಸ್', ನಾಯಿಗಳೆಂಬಾಗ ಘೋಷವಾದ 'ಝ್', ಕುದುರೆಗಳೆಂಬಾಗ 'ಇಝ್' ಆಗಿ ಕೇಳಿದರೂ ಬರಹದಲ್ಲಿ ಅದು ಎಸ್ ಒಂದೇ. ಭೂತಕಾಲದ ಇ ಮತ್ತು ಡಿ ಜೋಡಿ 'ವಾಕ್ಟ್' ಎಂಬಲ್ಲಿ ಟಕಾರ, 'ಬೆಗ್ಡ್' ಎಂಬಲ್ಲಿ ಡಕಾರ, 'ವಾಂಟಿಡ್' ಎಂಬಲ್ಲಿ 'ಇಡ್' ಆದರೂ ಕಣ್ಣಿಗೆ ಒಂದೇ. ಆ ಕಣ್ಣನ್ನು ನಂಬಿದ ಕನ್ನಡಿಗರು 'ವಾಕ್ಡ್' ಎನ್ನುವುದೂ ಇದೇ ಕಾರಣಕ್ಕೆ. 'ಸೈನ್ ಹಾಕಿ' ಎಂಬಾಗ ಕೇಳದ ಜಿ 'ಸಿಗ್ನೇಚರ್' ಎಂಬಾಗ ಕೇಳುತ್ತದೆ, 'ಬಾಂಬ್' ಪದದ ಕೊನೆಯಲ್ಲಿ ಇಂಗ್ಲಿಷರು ನುಂಗುವ ಬಿ 'ಬಂಬಾರ್ಡ್' ಎಂಬಲ್ಲಿ ಎದ್ದು ಬರುತ್ತದೆ. ಕನ್ನಡ ಇದಕ್ಕೆ ವಿರುದ್ಧವಾದ ಆಯ್ಕೆ ಮಾಡಿದೆ. ಮಳೆ ಮತ್ತು ಕಾಲ ಸೇರಿ ಆದೇಶಸಂಧಿಯಾದಾಗ ಕನ್ನಡಿಗರು ಕೇಳಿದಂತೆ 'ಮಳೆಗಾಲ' ಎಂದು ಬರೆಯುತ್ತಾರೆ, ಕಣ್ ಮತ್ತು ಪನಿ ಸೇರಿ 'ಕಂಬನಿ' ಆದಾಗ ಎರಡು ಪದಗಳ ಮುಖವೂ ಬದಲಾಗುತ್ತದೆ. ಇಂಗ್ಲಿಷಾಗಿದ್ದರೆ 'ಮಳೆಕಾಲ', 'ಕಣ್ಪನಿ' ಎಂದೇ ಬರೆದು ಗಕಾರ, ಬಕಾರಗಳನ್ನು ಓದುಗರ ತಿಳಿವಳಿಕೆಗೆ ಬಿಡುತ್ತಿತ್ತು. ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹಾಲೆ 1968ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಧ್ವನಿವ್ಯವಸ್ಥೆಯ ಗ್ರಂಥದಲ್ಲಿ ಈ ಗುಣವನ್ನು ಎತ್ತಿಹಿಡಿದು, ಭಾಷೆ ಬಲ್ಲವರ ಮಟ್ಟಿಗೆ ಈ ಬರಹಪದ್ಧತಿ ಹೆಚ್ಚುಕಡಿಮೆ ಅತ್ಯುತ್ತಮವೆಂದರು. ಸಿಗ್ನೇಚರಿನ ಮಟ್ಟಿಗೆ ಅದು ಒಪ್ಪತಕ್ಕ ಮಾತು. ಐಲ್ಯಾಂಡ್ ಮತ್ತು ಘೋಸ್ಟ್ ಎದುರಿಗೆ ಬಂದಾಗ ಆ ಹೊಗಳಿಕೆ ಅತಿಯಾಯಿತೆಂದೇ ಹೇಳಬೇಕಾಗುತ್ತದೆ.

ಭಾಷೆ ಬಲ್ಲವರಿಗೆ ಅನುಕೂಲವಾದದ್ದಕ್ಕೆ ಬೆಲೆ ತೆರುವವರು ಮಕ್ಕಳು. ಯುರೋಪಿನ 13 ಭಾಷೆಗಳ ಮಕ್ಕಳ ಓದನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲ ತರಗತಿಯ ಕೊನೆಗೆ ಫಿನ್ನಿಶ್, ಇಟಾಲಿಯನ್, ಸ್ಪ್ಯಾನಿಶ್ ಮಕ್ಕಳು ಪರಿಚಿತ ಪದಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚನ್ನು ಸರಿಯಾಗಿ ಓದಿದರೆ, ಸ್ಕಾಟ್ಲೆಂಡಿನ ಇಂಗ್ಲಿಷ್ ಮಕ್ಕಳು ಓದಿದ್ದು ಶೇಕಡಾ 34 ಮಾತ್ರ. ಅವರು ಶಾಲೆಗೆ ಸೇರುವ ವಯಸ್ಸೂ ಕಡಿಮೆಯೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಅಂತರ ದೊಡ್ಡದೇ. ಆದರೆ ಬರೆದಂತೆ ಓದುವ ಲಿಪಿಯೆಲ್ಲ ಬೇಗ ಕೈಗೆ ಬರುತ್ತದೆಂದೂ ತಿಳಿಯಬೇಕಾಗಿಲ್ಲ. ಕನ್ನಡದ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳಿರುವುದರಿಂದ ಅಕ್ಷರಗಳ ಕಲಿಕೆಯೇ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಇಂಗ್ಲಿಷಿನ ಮಗು 26 ಅಕ್ಷರಗಳನ್ನು ಬೇಗ ಕಲಿತು ಪದಗಳ ಮುಂದೆ ತಡವರಿಸುತ್ತದೆ, ಕನ್ನಡದ ಮಗು ಅಕ್ಷರಗಳಲ್ಲಿ ನಿಧಾನವಾದರೂ ಒಮ್ಮೆ ಕಲಿತ ಮೇಲೆ ಪದಗಳು ಅದಕ್ಕೆ ಮೋಸ ಮಾಡುವುದು ಕಡಿಮೆ.

ಸುಧಾರಕರಿಗೇನೂ ಕೊರತೆಯಿರಲಿಲ್ಲ. ಜಾನ್ ಹಾರ್ಟ್ 1569ರಲ್ಲೇ ಧ್ವನಿಗೆ ತಕ್ಕ ಬರಹವನ್ನು ಪ್ರತಿಪಾದಿಸಿ ಪುಸ್ತಕ ಬರೆದ. ಅಮೆರಿಕದ ನೋವಾ ವೆಬ್‌ಸ್ಟರ್ 'ಕಲರ್' ಪದದಿಂದ ಯು ತೆಗೆಸುವಲ್ಲಿ ಗೆದ್ದ, ನಾಲಿಗೆ ಎಂಬರ್ಥದ 'ಟಂಗ್' ಪದವನ್ನು ಟಿ, ಯು, ಎನ್, ಜಿ ಎಂದು ಬರೆಸುವಲ್ಲಿ ಸೋತ. ಆಂಡ್ರ್ಯೂ ಕಾರ್ನೆಗಿಯ ಹಣದಿಂದ 1906ರಲ್ಲಿ ಹುಟ್ಟಿದ ಸರಳ ಸ್ಪೆಲಿಂಗ್ ಮಂಡಳಿಯ 300 ಪದಗಳ ಪಟ್ಟಿಯನ್ನು ಸರ್ಕಾರಿ ಮುದ್ರಣಾಲಯ ಬಳಸಬೇಕೆಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆಗಸ್ಟಿನಲ್ಲಿ ಆಜ್ಞೆ ಮಾಡಿದ. ಪತ್ರಿಕೆಗಳು ನಕ್ಕವು, ಸಂಸತ್ತು ಒಪ್ಪಲಿಲ್ಲ, ಡಿಸೆಂಬರಿನ ಹೊತ್ತಿಗೆ ಅವನು ಹಿಂದೆ ಸರಿದ.

ಈ ಸೋಲುಗಳಿಗೆ ಅಭ್ಯಾಸಬಲವೊಂದೇ ಕಾರಣವಲ್ಲ. ಉಚ್ಚಾರದಂತೆ ಬರೆಯಬೇಕೆಂದರೆ ಯಾರ ಉಚ್ಚಾರದಂತೆ ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. 'ಕಾರ್' ಪದದ ಕೊನೆಯ ರಕಾರ ಲಂಡನ್ನಿನಲ್ಲಿ ಕೇಳುವುದಿಲ್ಲ. ಸ್ಕಾಟ್ಲೆಂಡಿನಲ್ಲಿ, ಅಮೆರಿಕದ ಬಹುಭಾಗದಲ್ಲಿ, ಕರ್ನಾಟಕದಲ್ಲಿ ಕೇಳುತ್ತದೆ. ಬಿ ಯು ಟಿ 'ಬಟ್' ಆದರೆ ಪಿ ಯು ಟಿ ಏಕೆ 'ಪುಟ್' ಎಂಬ, ಭಾರತದ ಪ್ರತಿಯೊಂದು ತರಗತಿಯಲ್ಲಿ ಕೇಳಿಬರುವ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 17ನೇ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನವರ ಬಾಯಲ್ಲಿ ಹ್ರಸ್ವ ಉಕಾರ ತುಟಿಯ ದುಂಡಗನ್ನು ಕಳೆದುಕೊಂಡು 'ಅ' ಕಡೆಗೆ ವಾಲಿತು. ಪುಟ್, ಪುಲ್, ಫುಲ್, ಬುಲ್ ಮುಂತಾದವುಗಳಲ್ಲಿ ಮಾತ್ರ ಮೊದಲಿನ ಪಕಾರ, ಫಕಾರ, ಬಕಾರಗಳಿಗಾಗಿ ಹೇಗೂ ಸೇರಿದ್ದ ತುಟಿಗಳು ಆ ದುಂಡಗನ್ನು ಕಾಪಾಡಿದವು. 'ಬಟ್' ಪದದಲ್ಲೂ ಬಕಾರವಿದ್ದೂ ಅದು ಉಳಿಯಲಿಲ್ಲ, ಧ್ವನಿಬದಲಾವಣೆ ಯಾವಾಗಲೂ ಇಷ್ಟು ಹಠಮಾರಿಯೇ. ಉತ್ತರ ಇಂಗ್ಲೆಂಡಿಗೆ ಈ ಬದಲಾವಣೆ ತಲುಪಲೇ ಇಲ್ಲ. ಲೀಡ್ಸ್, ಮ್ಯಾಂಚೆಸ್ಟರ್ ಕಡೆಯ ಸಹಜ ನುಡಿಯಲ್ಲಿ ಎರಡಕ್ಕೂ ಉಕಾರವೇ ಇರುವುದರಿಂದ ಅಲ್ಲಿನ ಮಗುವಿಗೆ ನಮ್ಮ ತರಗತಿಯ ಪ್ರಶ್ನೆ ಹೊಳೆಯುವುದೇ ಇಲ್ಲ, ಮತ್ತು ಲಂಡನ್ನಿನ ಕಿವಿಗೆ ತಕ್ಕಂತೆ ಸ್ಪೆಲಿಂಗನ್ನು ತಿದ್ದಿದರೆ ಅದು ಕೆಡುವುದು ಆ ಮಗುವಿಗೇ.

1950ರಲ್ಲಿ ತೀರಿಕೊಂಡ ಬರ್ನಾರ್ಡ್ ಷಾ ಇಂಗ್ಲಿಷಿಗೆ ಹೊಸದೊಂದು ವರ್ಣಮಾಲೆಯನ್ನೇ ಮಾಡಿಸಲು ತನ್ನ ಉಯಿಲಿನಲ್ಲಿ ಹಣ ಇಟ್ಟಿದ್ದ. ಕೋರ್ಟಿನ ವ್ಯಾಜ್ಯ ಮುಗಿದು, ಸ್ಪರ್ಧೆ ನಡೆದು, ಕಿಂಗ್ಸ್‌ಲಿ ರೀಡ್ ರೂಪಿಸಿದ ಅಕ್ಷರಗಳಲ್ಲಿ ಷಾನ 'ಆಂಡ್ರೊಕ್ಲೀಸ್ ಅಂಡ್ ದ ಲಯನ್' ನಾಟಕ 1962ರಲ್ಲಿ ಅಚ್ಚಾಯಿತು; ಒಂದು ಪುಟದಲ್ಲಿ ಹೊಸ ಲಿಪಿ, ಎದುರು ಪುಟದಲ್ಲಿ ಹಳೆಯದು. ಪ್ರತಿಯೊಂದು ಧ್ವನಿಗೂ ಅದರದೇ ಅಕ್ಷರವಿರಬೇಕಾದರೆ ಯಾರದೋ ಒಬ್ಬರ ಉಚ್ಚಾರವನ್ನು ಅಳತೆಗೋಲಾಗಿ ಹಿಡಿಯಲೇಬೇಕಲ್ಲವೇ? ಷಾ ಅದನ್ನೂ ಉಯಿಲಿನಲ್ಲೇ ಗೊತ್ತುಮಾಡಿದ್ದ: ದೊರೆ ಐದನೇ ಜಾರ್ಜ್‌ನ ಉಚ್ಚಾರ. ಪುಸ್ತಕ ಹೊರಬರುವ ಹೊತ್ತಿಗೆ ಆ ದೊರೆ ತೀರಿಕೊಂಡು 26 ವರ್ಷಗಳಾಗಿದ್ದವು.